ಬೀಜಕ್ಕೆ ಆಹಾರ ತಲುಪುವ ಹಾದಿ: ಮಾರ್ಚೆಲ್ಲೊ ಮಾಲ್ಪೀಗಿಯ ಜೀವನ ಮತ್ತು ಸಾಧನೆ

ಹೊಲದ ಬದುವಿನಲ್ಲಿ ನಿಂತ ಮರಕ್ಕೆ ಬೇಲಿಯ ತಂತಿಯನ್ನು ಬಿಗಿದು ಕಟ್ಟಿ ಮರೆತುಬಿಡುವುದು ನಮ್ಮ ಕಡೆಯಲ್ಲಿ ಹೊಸದೇನಲ್ಲ. ನಾಲ್ಕಾರು ವರ್ಷ ಕಳೆದ ಮೇಲೆ ನೋಡಿದರೆ ತಂತಿಯು ತೊಗಟೆಯೊಳಗೆ ಹೂತುಹೋಗಿರುತ್ತದೆ. ಅದರ ಮೇಲ್ಭಾಗದಲ್ಲಿ ಕಾಂಡವು ಉಬ್ಬಿ ದಪ್ಪವಾಗಿರುತ್ತದೆ. ಕೆಳಭಾಗದಲ್ಲಿ ಅಂಥ ಉಬ್ಬು ಕಾಣುವುದಿಲ್ಲ. ನೀರು ಬೇರಿನಿಂದ ಮೇಲಕ್ಕೆ ಏರುತ್ತದೆ ಎಂಬುದನ್ನು ಮಾತ್ರ ಬಲ್ಲವನಿಗೆ ಇದು ಸೋಜಿಗವೆನಿಸಬೇಕು. ಕೆಳಗಿನಿಂದ ಬರುವುದಕ್ಕೆ ತಡೆಯೊಡ್ಡಿದರೆ ಉಬ್ಬು ಕೆಳಗೆ ಮೂಡಬೇಕಲ್ಲವೆ? ಅದು ಮೇಲೆ ಮೂಡಿದೆಯೆಂದರೆ ಮೇಲಿನಿಂದ ಕೆಳಗೆ ಹರಿಯುವ ಮತ್ತೊಂದು ವಸ್ತುವಿದೆ ಎಂದಾಯಿತು. ಈ ಸರಳವಾದ, ಆದರೆ ಬಹು ದೂರ ಒಯ್ಯುವ ವಿಚಾರವನ್ನು ಸುಮಾರು ಮೂರೂವರೆ ಶತಮಾನಗಳ ಹಿಂದೆ ಪ್ರಯೋಗದಿಂದ ಪರೀಕ್ಷಿಸಿ ನೋಡಿದವನು ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ. ನಾವು ಉಣ್ಣುವ ಬೇಳೆಯ ಒಂದೊಂದು ಕಾಳಿಗೂ ಸತ್ತ್ವವು ಯಾವ ಹಾದಿಯಿಂದ ಬಂದು ಸೇರುತ್ತದೆ ಎಂಬ ಅರಿವು ಆತನ ಆ ಪ್ರಯೋಗದಿಂದ ಮೊದಲುಗೊಂಡು ಬೆಳೆದುಬಂದಿದೆ. ಆತನ ಜೀವನವನ್ನೂ ಆತನು ತೋರಿಸಿದ ಹಾದಿಯ ಮುಂದಿನ ಕಥೆಯನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಾಲ್ಪೀಗಿಯು 1628ರ ಮಾರ್ಚ್ ತಿಂಗಳಿನಲ್ಲಿ ಉತ್ತರ ಇಟಲಿಯ ಬೊಲೋನ್ಯ ನಗರಕ್ಕೆ ಸಮೀಪದ ಕ್ರೆವಾಲ್ಕೋರೆ ಎಂಬ ಊರಿನಲ್ಲಿ ಜನಿಸಿದನು. ಸ್ವಂತ ಜಮೀನಿದ್ದ, ಊಟ ಬಟ್ಟೆಗೆ ಕೊರತೆಯಿಲ್ಲದ ಕುಟುಂಬ ಆತನದು. ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಹೃದಯದ ಚಲನೆಯನ್ನೂ ರಕ್ತದ ಪರಿಚಲನೆಯನ್ನೂ ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು ಅದೇ 1628ರಲ್ಲಿ. ಹಾರ್ವೆಯ ವಾದದಲ್ಲಿ ಉಳಿದಿದ್ದ ಒಂದು ಕೊರತೆಯನ್ನು ತುಂಬಬೇಕಾದವನು ಅದೇ ವರ್ಷ ತೊಟ್ಟಿಲಲ್ಲಿದ್ದನೆಂಬುದು ಯೋಗಾಯೋಗ.

1646ರಲ್ಲಿ ಆತನು ಬೊಲೋನ್ಯದ ಪುರಾತನ ವಿಶ್ವವಿದ್ಯಾಲಯವನ್ನು ಸೇರಿದನು. ಮೂರು ವರ್ಷ ಕಳೆಯುವುದರೊಳಗೆ ತಂದೆ, ತಾಯಿ ಹಾಗೂ ಅಜ್ಜಿ ಮೂವರೂ ತೀರಿಕೊಂಡರು. ಹಿರಿಯ ಮಗನಾದ ಆತನ ಮೇಲೆ ತಮ್ಮ ತಂಗಿಯರ ಹೊಣೆಯೂ ಆಸ್ತಿಯ ವ್ಯವಹಾರವೂ ಬಿದ್ದವು. ಓದನ್ನು ನಿಲ್ಲಿಸಿ ಊರಿಗೆ ಮರಳಿ, ಮನೆಯ ವ್ಯವಸ್ಥೆಯನ್ನು ಒಂದು ಹದಕ್ಕೆ ತಂದ ಮೇಲೆ ಮತ್ತೆ ವಿದ್ಯಾಭ್ಯಾಸಕ್ಕೆ ಹಿಂದಿರುಗಿದನು. ಬೊಲೋನ್ಯದಲ್ಲಿ ಹುಟ್ಟಿದವನಲ್ಲವೆಂಬ ಕಾರಣದಿಂದ ವಿಶ್ವವಿದ್ಯಾಲಯದ ಕೆಲವರು ಆತನಿಗೆ ಅಡ್ಡಿಯೊಡ್ಡಿದರು. ಆದರೂ 1653ರಲ್ಲಿ ಆತನಿಗೆ ವೈದ್ಯಶಾಸ್ತ್ರ ಮತ್ತು ತತ್ತ್ವಶಾಸ್ತ್ರಗಳಲ್ಲಿ ಪದವಿ ದೊರೆಯಿತು.

ಈ ಅವಧಿಯಲ್ಲಿ ಆತನಿಗೆ ದೊರೆತ ದೊಡ್ಡ ಭಾಗ್ಯವೆಂದರೆ ಬಾರ್ತೊಲೊಮೆಯೊ ಮಸ್ಸಾರಿ ಎಂಬ ಗುರು. ಮಸ್ಸಾರಿಯು ಗ್ರಂಥಗಳಲ್ಲಿದ್ದುದನ್ನು ಒಪ್ಪಿಸುವುದಕ್ಕೆ ತೃಪ್ತನಾಗದೆ, ಆಯ್ದ ಕೆಲವು ಶಿಷ್ಯರನ್ನು ತನ್ನ ಮನೆಯಲ್ಲೇ ಕೂಡಿಸಿಕೊಂಡು ಪ್ರಾಣಿಗಳ ಅಂಗಚ್ಛೇದನವನ್ನು ಮಾಡಿ ತೋರಿಸುತ್ತಿದ್ದನು. ಪುಸ್ತಕ ಹೇಳಿದ್ದನ್ನು ಕಣ್ಣಾರೆ ಕಂಡು ಪರೀಕ್ಷಿಸುವ ಅಭ್ಯಾಸವು ಮಾಲ್ಪೀಗಿಗೆ ಹತ್ತಿದ್ದು ಆ ಮನೆಯಲ್ಲಿಯೇ. ಮುಂದೆ ಗುರುವಿನ ತಂಗಿ ಫ್ರಾಂಚೆಸ್ಕಳನ್ನು ಆತನು ವಿವಾಹವಾದನು. ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ.

ಕಪ್ಪೆಯ ಶ್ವಾಸಕೋಶದಲ್ಲಿ ಕಂಡದ್ದು

1656ರಲ್ಲಿ ಟಸ್ಕನಿಯ ಮಹಾಪ್ರಭು ಎರಡನೆಯ ಫರ್ಡಿನಾಂಡನ ಆಹ್ವಾನದ ಮೇರೆಗೆ ಮಾಲ್ಪೀಗಿಯು ಪೀಸಾ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದನು. ಅಲ್ಲಿ ಗಣಿತಜ್ಞ ಜೊವಾನ್ನಿ ಬೊರೆಲ್ಲಿಯ ಸ್ನೇಹ ಲಭಿಸಿತು. ಜೀವಿಗಳ ದೇಹವನ್ನು ಯಂತ್ರದಂತೆ ಬಿಡಿಸಿ ನೋಡಿ ಅದರ ಕೆಲಸವನ್ನು ಅರಿಯಬೇಕೆಂಬ ದೃಷ್ಟಿ ಆ ಸ್ನೇಹದಲ್ಲಿ ಬಲಿಯಿತು. ಆರೋಗ್ಯ ಸರಿಯಿಲ್ಲದೆಯೂ ಮನೆಯ ತೊಂದರೆಗಳಿಂದಲೂ 1659ರಲ್ಲಿ ಆತನು ಬೊಲೋನ್ಯಕ್ಕೆ ಮರಳಬೇಕಾಯಿತು.

ಹಾರ್ವೆಯ ಸಿದ್ಧಾಂತದಂತೆ ರಕ್ತವು ಧಮನಿಗಳಿಂದ ಸಿರೆಗಳಿಗೆ ಹಾಯಲೇಬೇಕಾಗಿತ್ತು. ಆದರೆ ಆ ದಾಟುವ ಜಾಗವನ್ನು ಹಾರ್ವೆಯು ಕಂಡಿರಲಿಲ್ಲ. ಕಾಣದೆಯೇ 1657ರಲ್ಲಿ ತೀರಿಕೊಂಡನು. ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಧಮನಿ ಮತ್ತು ಸಿರೆಗಳನ್ನು ಕೂಡಿಸುವ ಅತಿ ಸಣ್ಣ ಲೋಮನಾಳಗಳನ್ನು ಗುರುತಿಸಿದನು. ಬೊರೆಲ್ಲಿಗೆ ಬರೆದ ಪತ್ರಗಳ ರೂಪದಲ್ಲಿ 1661ರಲ್ಲಿ ಈ ಸಂಗತಿಯು ಪ್ರಕಟವಾಯಿತು. ರಕ್ತವು ಅವಯವಗಳೊಳಗೆ ಎಲ್ಲೆಂದರಲ್ಲಿ ಚೆಲ್ಲಿ ಇಂಗುವುದಿಲ್ಲ, ಗೋಡೆಯುಳ್ಳ ನಾಳಗಳಲ್ಲೇ ಸಾಗುತ್ತದೆ ಎಂಬುದು ಸ್ಥಿರಪಟ್ಟಿತು. ವಸ್ತುವೊಂದು ಒಂದೆಡೆಯಿಂದ ಮತ್ತೊಂದೆಡೆಗೆ ಹೋಗುವುದಾದರೆ ಅದಕ್ಕೆ ಹಾದಿಯಿರಬೇಕು, ಆ ಹಾದಿಯನ್ನು ಹುಡುಕಬೇಕು ಎಂಬ ಶ್ರದ್ಧೆ ಆತನ ಮುಂದಿನ ಎಲ್ಲ ಕೆಲಸದಲ್ಲಿಯೂ ಕಾಣುತ್ತದೆ.

ಮುರಿದ ಕೊಂಬೆ

1662ರಿಂದ 1666ರವರೆಗೆ ಮಾಲ್ಪೀಗಿಯು ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿ ಅಧ್ಯಾಪನ ಮಾಡಿದನು. ಅಲ್ಲಿ ಶ್ರೀಮಂತ ಗೃಹಸ್ಥನೊಬ್ಬನ ತೋಟದಲ್ಲಿ ಅಡ್ಡಾಡುತ್ತಿದ್ದಾಗ ಮುರಿದ ಚೆಸ್ಟ್‌ನಟ್ ಕೊಂಬೆಯೊಂದು ಆತನ ಕಣ್ಣಿಗೆ ಬಿತ್ತು. ಮುರಿದ ತುದಿಯಿಂದ ಎಳೆಗಳು ಇಳಿಬಿದ್ದಿದ್ದವು. ಎಷ್ಟೋ ಜನ ಕಂಡು ಕಡೆಗಣಿಸಿದ ನೋಟವದು. ಆತನು ಅವನ್ನು ಮಸೂರದಡಿಯಲ್ಲಿಟ್ಟಾಗ ಸುರುಳಿ ಸುತ್ತಿದ ನಾಳಗಳು ಗೋಚರಿಸಿದವು. ಪ್ರಾಣಿದೇಹದಂತೆ ಸಸ್ಯದೇಹದಲ್ಲಿಯೂ ನಾಳಗಳ ವ್ಯವಸ್ಥೆಯಿದೆಯೆಂಬುದು ಮನದಟ್ಟಾಗಿ, ಅಲ್ಲಿಂದ ಮುಂದೆ ಅನೇಕ ವರ್ಷಗಳ ಬಿಡುವಿನ ವೇಳೆಯೆಲ್ಲ ಗಿಡಮರಗಳ ಅಧ್ಯಯನಕ್ಕೆ ಮೀಸಲಾಯಿತು.

ಬೊಲೋನ್ಯಕ್ಕೆ ಹಿಂದಿರುಗಿದ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗನಿಂದ ಪತ್ರವೊಂದು ಬಂದಿತು. ತನ್ನ ಶೋಧಗಳನ್ನು ಸೊಸೈಟಿಗೆ ಕಳುಹಿಸಬೇಕೆಂದು ಅದರಲ್ಲಿ ಕೋರಲಾಗಿತ್ತು. ಹೀಗೆ ತೊಡಗಿದ ಪತ್ರವ್ಯವಹಾರವು ಜೀವಮಾನದುದ್ದಕ್ಕೂ ನಡೆಯಿತು. ರೇಷ್ಮೆಹುಳುವಿನ ಅಂಗರಚನೆಯನ್ನು ಕುರಿತ ಆತನ ಗ್ರಂಥವನ್ನು ಸೊಸೈಟಿಯು 1669ರಲ್ಲಿ ಪ್ರಕಟಿಸಿ, ಅದೇ ವರ್ಷ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಸಸ್ಯಗಳ ರಚನೆಯನ್ನು ಕುರಿತು ಆತನು ಬರೆದು ಕಳುಹಿಸಿದ ಸಂಗ್ರಹವು 1671ರ ಡಿಸೆಂಬರ್ 7ರಂದು ಸೊಸೈಟಿಯ ಮುಂದೆ ಬಂದಿತು. ಇಂಗ್ಲೆಂಡಿನ ವೈದ್ಯ ನೆಹೆಮಾಯ ಗ್ರೂ ಎಂಬಾತನು ಅದೇ ವಿಷಯವನ್ನು ಕುರಿತು ಬರೆದ ಪುಸ್ತಕವೂ ಅದೇ ದಿನ ಅಲ್ಲಿ ಮಂಡಿತವಾಯಿತು. ಪರಸ್ಪರ ಅರಿಯದೆ ಇಬ್ಬರೂ ಒಂದೇ ಕ್ಷೇತ್ರವನ್ನು ಉತ್ತಿದ್ದರು. ಯಾರು ಮೊದಲಿಗರೆಂಬ ಜಗಳಕ್ಕೆ ಇಷ್ಟು ಅನುಕೂಲವಾದ ಸಂದರ್ಭ ಮತ್ತೊಂದಿರಲಾರದು. ಆದರೆ ಇಬ್ಬರೂ ಒಬ್ಬರ ಕೆಲಸವನ್ನೊಬ್ಬರು ಗೌರವಿಸಿದರು. ಒಬ್ಬರ ಶೋಧದಿಂದ ಮತ್ತೊಬ್ಬರು ಕಲಿತರು. ಮಾಲ್ಪೀಗಿಯ ಸಸ್ಯಾಂಗರಚನೆಯ ಮಹಾಗ್ರಂಥವು 1675 ಮತ್ತು 1679ರಲ್ಲಿ ಎರಡು ಭಾಗಗಳಾಗಿ ಲಂಡನ್ನಿನಿಂದ ಹೊರಬಂದಿತು.

ತೊಗಟೆಯ ಉಂಗುರ

ಮೊದಲಿಗೆ ಹೇಳಿದ ಪ್ರಯೋಗವು ಈ ಕಾಲದ್ದು. ಬೆಳೆಯುತ್ತಿರುವ ಮರದ ಕಾಂಡದ ಸುತ್ತ ತೊಗಟೆಯನ್ನು ಉಂಗುರದಾಕಾರದಲ್ಲಿ ಸುಲಿದು ತೆಗೆದು, ಒಳಗಿನ ಮರವನ್ನು ಹಾಗೆಯೇ ಬಿಟ್ಟನು. ಎಲೆಗಳು ಬಾಡಲಿಲ್ಲ. ನೀರು ಒಳಮರದ ಮೂಲಕ ಏರುತ್ತಲೇ ಇತ್ತು. ಕ್ರಮೇಣ ಗಾಯದ ಮೇಲಂಚಿನ ತೊಗಟೆ ಉಬ್ಬಿತು. ಕೆಳಗಿನ ಭಾಗದ ಬೆಳವಣಿಗೆ ಕುಂಠಿತವಾಯಿತು. ಬೇರಿನಿಂದೇರುವ ರಸವು ಎಲೆಗಳಲ್ಲಿ ಸೂರ್ಯನ ಶಾಖದಿಂದ ಪಕ್ವಗೊಂಡು, ಬೆಳೆಯುವ ಭಾಗಗಳಿಗೆ ತಕ್ಕ ಆಹಾರವಾಗಿ ಮಾರ್ಪಟ್ಟು, ತೊಗಟೆಯ ಹಾದಿಯಿಂದ ಬೇಕಾದೆಡೆಗೆ ಹಂಚಿಹೋಗುತ್ತದೆ ಎಂದು ಆತನು ತರ್ಕಿಸಿದನು. ಎಲೆಯು ಗಿಡಕ್ಕೆ ಅಲಂಕಾರವಲ್ಲ, ಅಡುಗೆಮನೆ ಎಂಬ ತಿಳಿವಳಿಕೆ ಇಲ್ಲಿ ಮೊಳೆಯಿತು.

ಬೀಜವನ್ನು ಕುರಿತೂ ಆತನು ಅಷ್ಟೇ ಶ್ರದ್ಧೆಯಿಂದ ದುಡಿದನು. 1673ರಲ್ಲಿ ಮೊಟ್ಟೆಯೊಳಗಿನ ಕೋಳಿಮರಿಯ ಬೆಳವಣಿಗೆಯನ್ನು ಹಂತಹಂತವಾಗಿ ಚಿತ್ರಿಸಿ ಪ್ರಕಟಿಸಿದ ಆತನಿಗೆ ಬೀಜವು ಸಸ್ಯದ ಮೊಟ್ಟೆಯಂತೆಯೇ ತೋರಿತು. ಮೊಳೆಯುತ್ತಿರುವ ಬೀಜಗಳ ಬೀಜದಳಗಳನ್ನು ಕತ್ತರಿಸಿ ತೆಗೆದು ನೋಡಿದಾಗ ಸಸಿಯ ಬೆಳವಣಿಗೆ ಕುಗ್ಗಿತು. ಎಳೆಯ ಸಸಿಗೆ ಬೇಕಾದ ಬುತ್ತಿಯನ್ನು ತಾಯಿಗಿಡವು ಮೊದಲೇ ಬೀಜದಳಗಳಲ್ಲಿ ಕಟ್ಟಿಟ್ಟಿರುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. ದ್ವಿದಳ ಸಸ್ಯಗಳ ಬೇರಿನ ಮೇಲೆ ಮೂಡುವ ಸಣ್ಣ ಗಂಟುಗಳನ್ನು ಸಹ ಆತನು ಚಿತ್ರಿಸಿದ್ದಾನೆ.

ಆತನ ತಿಳಿವಳಿಕೆಯಲ್ಲಿ ತಪ್ಪುಗಳೂ ಇದ್ದವು. ಸುರುಳಿ ಸುತ್ತಿದ ನಾಳಗಳು ಕೀಟಗಳ ಉಸಿರಾಟದ ನಾಳಗಳಂತೆ ಗಾಳಿಯನ್ನು ಒಯ್ಯುತ್ತವೆಂದು ಆತನು ಭಾವಿಸಿದ್ದನು. ಅವು ನೀರನ್ನು ಒಯ್ಯುವ ನಾಳಗಳು. ಬೇರಿನ ಗಂಟುಗಳನ್ನು ಹುಳುಗಳು ಎಬ್ಬಿಸಿದ ಬಾವುಗಳ ಸಾಲಿಗೆ ಸೇರಿಸಿದ್ದನು. ಅವು ಸಸ್ಯಕ್ಕೆ ಸಾರಜನಕವನ್ನು ದೊರಕಿಸಿಕೊಡುವ ಸೂಕ್ಷ್ಮಜೀವಿಗಳ ನೆಲೆಗಳು. ಆದರೆ ಆತನು ತಾನು ಕಂಡುದನ್ನು ಪ್ರಾಮಾಣಿಕವಾಗಿ ಚಿತ್ರಿಸಿಟ್ಟ ಕಾರಣ, ಆತನ ಅರ್ಥವಿವರಣೆ ತಪ್ಪಾದೆಡೆಯಲ್ಲಿಯೂ ಚಿತ್ರಗಳು ಮುಂದಿನವರಿಗೆ ಉಪಯುಕ್ತವಾಗಿಯೇ ಉಳಿದವು.

ವೈರ, ಬೆಂಕಿ ಮತ್ತು ಒಂದು ಪ್ರಶ್ನೆ

ಹೊರನಾಡುಗಳಲ್ಲಿ ಕೀರ್ತಿ ಬೆಳೆದಂತೆ ತನ್ನ ನಾಡಿನಲ್ಲಿ ಮಾಲ್ಪೀಗಿಗೆ ಕಿರುಕುಳವೂ ಬೆಳೆಯಿತು. ಆತನ ಮನೆತನಕ್ಕೂ ನೆರೆಯ ಸ್ಬರಾಲ್ಯ ಮನೆತನಕ್ಕೂ ಜಮೀನಿನ ಎಲ್ಲೆಯ ವಿಷಯದಲ್ಲಿ ಹಳೆಯ ವ್ಯಾಜ್ಯವಿತ್ತು. 1659ರಲ್ಲಿ ಮಾಲ್ಪೀಗಿಯ ತಮ್ಮನ ಕೈಯಿಂದ ಆ ಮನೆತನದ ಒಬ್ಬನ ಕೊಲೆಯಾಗಿ ವೈರವು ಆರದ ಬೆಂಕಿಯಾಯಿತು. ಅದೇ ಮನೆತನದ ಜೊವಾನ್ನಿ ಜಿರೋಲಮೊ ಸ್ಬರಾಲ್ಯ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಅಧ್ಯಾಪಕನಾಗಿ, ಮಾಲ್ಪೀಗಿಯ ವಿರೋಧಿಗಳಲ್ಲಿ ಅಗ್ರಗಣ್ಯನಾದನು.

1684ರಲ್ಲಿ ಮಾಲ್ಪೀಗಿಯ ಮನೆಗೆ ಬೆಂಕಿ ಬಿದ್ದು, ಬಹುಕಾಲದ ಪರಿಶ್ರಮದಿಂದ ಕೂಡಿಟ್ಟಿದ್ದ ಟಿಪ್ಪಣಿಗಳೂ ಹಸ್ತಪ್ರತಿಗಳೂ ಸೂಕ್ಷ್ಮದರ್ಶಕಗಳೂ ನಾಶವಾದವು. ಆಗ ಆತನಿಗೆ ಐವತ್ತಾರು ವರ್ಷ. ದೇಹಸ್ಥಿತಿಯೂ ಚೆನ್ನಾಗಿರಲಿಲ್ಲ. 1689ರಲ್ಲಿ ಮುಖಕ್ಕೆ ಮುಸುಕು ಹಾಕಿಕೊಂಡ ಗುಂಪೊಂದು ಆತನ ಹಳ್ಳಿಯ ಮನೆಗೆ ನುಗ್ಗಿ ದಾಂಧಲೆ ನಡೆಸಿತು.

ಇವೆಲ್ಲಕ್ಕಿಂತ ಆಳಕ್ಕೆ ತಟ್ಟಿದ್ದು ಬರಹದ ರೂಪದಲ್ಲಿ ಬಂದ ಆಕ್ಷೇಪಣೆ. 1680ರ ದಶಕದ ಕೊನೆಯಲ್ಲಿ ಸ್ಬರಾಲ್ಯನು ಬರೆದು ಹರಡಿದ ಪ್ರಬಂಧವು, ಸೂಕ್ಷ್ಮದರ್ಶಕದಲ್ಲಿ ಅಂಗಾಂಶಗಳನ್ನು ನೋಡುವುದರಿಂದಲೂ ಗಿಡಗಳನ್ನು ಕೊಯ್ಯುವುದರಿಂದಲೂ ರೋಗಿಗೆ ಆಗುವ ಪ್ರಯೋಜನವೇನೂ ಇಲ್ಲ ಎಂದು ವಾದಿಸಿತು. ವೈದ್ಯನಾದವನು ಹಾಸಿಗೆ ಹಿಡಿದವನ ಕಡೆಗೆ ಲಕ್ಷ್ಯ ಕೊಡಬೇಕಲ್ಲದೆ ಎಲೆಯನ್ನೂ ಹುಳುವನ್ನೂ ನೋಡುತ್ತ ಕೂರಬಾರದು ಎಂಬುದು ಅದರ ಸಾರ. ದ್ವೇಷದಿಂದ ಹೊರಟಿತೆಂಬ ಮಾತ್ರಕ್ಕೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಮಾಲ್ಪೀಗಿ ತಾನೇ ದಿನನಿತ್ಯ ರೋಗಿಗಳನ್ನು ನೋಡುತ್ತಿದ್ದವನು; ತನ್ನ ಶೋಧಗಳಿಂದ ಅವರಲ್ಲಿ ಎಷ್ಟು ಮಂದಿ ಗುಣಹೊಂದಿದರೆಂದು ಲೆಕ್ಕ ತೋರಿಸುವ ಸ್ಥಿತಿಯಲ್ಲಿ ಆತನಿರಲಿಲ್ಲ. ಆತನು ವಿಸ್ತಾರವಾದ ಉತ್ತರವನ್ನು ಬರೆದನು. ಆರೋಗ್ಯವಂತ ದೇಹದ ರಚನೆಯನ್ನರಿಯದೆ ರೋಗದ ಕಾರಣವನ್ನು ಅರಿಯಲಾಗದು, ಕಾರಣವರಿಯದ ಚಿಕಿತ್ಸೆ ಕತ್ತಲಲ್ಲಿ ತಡಕಾಡಿದಂತೆ ಎಂಬುದು ಆ ಉತ್ತರದ ತಿರುಳು. ಆದರೆ ಅದು ಅಚ್ಚಾಗಿ ಬಂದದ್ದು ಆತನು ಕಾಲವಾದ ಬಳಿಕ.

ಕೊನೆಯ ವರ್ಷಗಳು

1691ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಎಂಬ ಹೆಸರಿನಿಂದ ಪೋಪ್ ಪದವಿಗೇರಿದವನು ಮಾಲ್ಪೀಗಿಯ ಹಳೆಯ ಪರಿಚಿತ. ಆತನ ಕರೆಯ ಮೇರೆಗೆ ಮಾಲ್ಪೀಗಿಯು ಒಲ್ಲದ ಮನಸ್ಸಿನಿಂದಲೇ ರೋಮ್ ನಗರಕ್ಕೆ ತೆರಳಿ ಪೋಪರ ಆಪ್ತವೈದ್ಯನಾದನು. 1694ರಲ್ಲಿ ಪತ್ನಿ ಫ್ರಾಂಚೆಸ್ಕ ತೀರಿಕೊಂಡಳು. ಅದೇ ವರ್ಷದ ನವೆಂಬರ್ ತಿಂಗಳ ಕೊನೆಯಲ್ಲಿ ಲಕ್ವ ಹೊಡೆದು ಆತನೂ ನಿಧನ ಹೊಂದಿದನು. ಆಗ ಆತನಿಗೆ ಅರವತ್ತಾರು ವರ್ಷ. ಆತನು ರಾಯಲ್ ಸೊಸೈಟಿಗೆ ಒಪ್ಪಿಸಿದ್ದ ಬರಹಗಳು, ಆತ್ಮವೃತ್ತಾಂತವೂ ಸೇರಿ, 1697ರಲ್ಲಿ ಲಂಡನ್ನಿನಲ್ಲಿ ಪ್ರಕಟಗೊಂಡವು. ಬೆಂಕಿಗೆ ಆಹುತಿಯಾದುದು ಹೋಗಿತ್ತು. ದೂರದ ಸಂಸ್ಥೆಯೊಂದು ಹೊಣೆಯಿಂದ ಕಾಪಾಡಿದ್ದು ಉಳಿಯಿತು.

ಆತನು ತೋರಿಸಿದ ಹಾದಿಯಲ್ಲಿ

ತೊಗಟೆಯಲ್ಲಿ ಇಳಿಯುವುದು ಏನು ಎಂಬ ಪ್ರಶ್ನೆಗೆ ಮಾಲ್ಪೀಗಿಯ ಕಾಲದಲ್ಲಿ ಉತ್ತರವಿರಲಿಲ್ಲ. ರಸಾಯನಶಾಸ್ತ್ರವೇ ಆಗ ಎಳವೆಯಲ್ಲಿತ್ತು. 1806ರಲ್ಲಿ ಫ್ರಾನ್ಸಿನ ವಾಕ್ಲೆನ್ ಮತ್ತು ರೊಬಿಕೆ ಎಂಬವರು ಆಸ್ಪರಾಗಸ್ ಗಿಡದ ರಸದಿಂದ ಆಸ್ಪರಜೀನ್ ಎಂಬ ಹರಳನ್ನು ಬೇರ್ಪಡಿಸಿದರು. ಪ್ರೋಟೀನುಗಳು ಯಾವ ಇಟ್ಟಿಗೆಗಳಿಂದ ಕಟ್ಟಲ್ಪಟ್ಟಿವೆಯೋ ಆ ಅಮೈನೋ ಆಮ್ಲಗಳಲ್ಲಿ ಮೊಟ್ಟಮೊದಲು ಕೈಗೆ ಸಿಕ್ಕಿದ್ದು ಇದೇ. 1837ರಲ್ಲಿ ಜರ್ಮನಿಯ ಥಿಯೊಡೋರ್ ಹಾರ್ಟಿಗ್ ಒಳತೊಗಟೆಯಲ್ಲಿ ಅಡ್ಡಗೋಡೆಗಳು ಜರಡಿಯಂತೆ ತೂತುಬಿದ್ದಿರುವ ನಾಳಗಳನ್ನು ಗುರುತಿಸಿದನು. ಜರಡಿನಾಳಗಳುಳ್ಳ ಈ ಅಂಗಾಂಶಕ್ಕೆ ಫ್ಲೋಯಂ ಎಂದೂ ನೀರೇರುವ ಒಳಮರದ ಅಂಗಾಂಶಕ್ಕೆ ಜೈಲಂ ಎಂದೂ ಹೆಸರು. ಬೇರಿನ ಗಂಟುಗಳ ಕಾರ್ಯವನ್ನು 1886ರಲ್ಲಿ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ವಿವರಿಸಿದರು. 1888ರಲ್ಲಿ ಬೈಯರಿಂಕ್ ಅವುಗಳೊಳಗಿನ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದನು.

1928ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಟ್ರಿನಿಡಾಡ್ ದ್ವೀಪದಲ್ಲಿ ಮೇಸನ್ ಮತ್ತು ಮ್ಯಾಸ್ಕೆಲ್ ಎಂಬ ವಿಜ್ಞಾನಿಗಳು ಹತ್ತಿಗಿಡಗಳ ಮೇಲೆ ಮಾಲ್ಪೀಗಿಯ ಉಂಗುರಪ್ರಯೋಗವನ್ನೇ ಹೊಸ ರೀತಿಯಲ್ಲಿ ನಡೆಸಿದರು. ತೊಗಟೆಯಲ್ಲಿ ಸಕ್ಕರೆಯಷ್ಟೇ ಅಲ್ಲ, ಸಾರಜನಕವುಳ್ಳ ಪದಾರ್ಥಗಳೂ ಸಾಗುತ್ತವೆಂದು ಅಳೆದು ತೋರಿಸಿದರು. 1930ರಲ್ಲಿ ಜರ್ಮನಿಯ ಎರ್ನ್‌ಸ್ಟ್ ಮ್ಯೂನ್ಶ್ ಈ ಹರಿವಿಗೆ ಕಾರಣವನ್ನು ತನ್ನ ಗ್ರಂಥದಲ್ಲಿ ವಿವರಿಸಿದನು. ಎಲೆಯ ಬಳಿ ನಾಳದೊಳಗೆ ಸಕ್ಕರೆ ತುಂಬಿದಾಗ ನೀರು ಒಳನುಗ್ಗಿ ಒತ್ತಡ ಹೆಚ್ಚುತ್ತದೆ. ಬೀಜ, ಹಣ್ಣು, ಗೆಡ್ಡೆಗಳ ಬಳಿ ಸಕ್ಕರೆ ಹೊರಹೋದಾಗ ಒತ್ತಡ ತಗ್ಗುತ್ತದೆ. ಈ ಅಂತರದಿಂದ ರಸವು ಹರಿಯುತ್ತದೆ. ಹಾಗಾದರೆ ಆ ರಸದಲ್ಲಿರುವುದೇನೆಂದು ನೋಡುವ ಬಗೆ ಹೇಗೆ? 1950ರ ದಶಕದಲ್ಲಿ ಸಸ್ಯಹೇನು ಅದಕ್ಕೆ ನೆರವಾಯಿತು. ರಸ ಹೀರುತ್ತಿರುವ ಹೇನಿನ ದೇಹವನ್ನು ಕತ್ತರಿಸಿ ಸೂಜಿಯಂಥ ಅದರ ಬಾಯಿಯನ್ನು ಮಾತ್ರ ಜರಡಿನಾಳದಲ್ಲಿ ಉಳಿಸಿದರೆ, ಒತ್ತಡದಿಂದ ಶುದ್ಧ ರಸವು ಹನಿಹನಿಯಾಗಿ ಒಸರುತ್ತದೆ. ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆಯೇ ಹೆಚ್ಚಾಗಿದ್ದು, ಜೊತೆಯಲ್ಲಿ ಅಮೈನೋ ಆಮ್ಲಗಳೂ ಕಂಡುಬಂದವು.

ಬೀಜದ ಹೊಸ್ತಿಲಲ್ಲಿ

ಈಗ ತಿಳಿದಿರುವ ಮಟ್ಟಿಗೆ ಈ ಪಯಣದ ಕ್ರಮ ಹೀಗಿದೆ. ಬೇರುಗಳು ಮಣ್ಣಿನಿಂದ ನೈಟ್ರೇಟ್ ಮತ್ತು ಅಮೋನಿಯಂ ಲವಣಗಳನ್ನು ಹೀರಿಕೊಳ್ಳುತ್ತವೆ. ದ್ವಿದಳ ಸಸ್ಯಗಳಿಗೆ ಬೇರಿನ ಗಂಟುಗಳಿಂದಲೂ ಸಾರಜನಕ ಒದಗುತ್ತದೆ. ಅದನ್ನು ಸಸ್ಯವು ಗ್ಲುಟಮೀನ್, ಆಸ್ಪರಜೀನ್ ಮೊದಲಾದ ಅಮೈನೋ ಆಮ್ಲಗಳನ್ನಾಗಿ ಮಾರ್ಪಡಿಸುತ್ತದೆ. ಅಲಸಂದೆ, ಸೋಯಾ ಅವರೆಗಳಂಥ ಬೆಳೆಗಳ ಗಂಟುಗಳಿಂದ ಮಾತ್ರ ಅದು ಬಹುಮಟ್ಟಿಗೆ ಯೂರೈಡ್ ಎಂಬ ಬೇರೆ ರೂಪದಲ್ಲಿ ಹೊರಡುತ್ತದೆ. ಹೀಗೆ ಬೇರಿನಲ್ಲಿ ಸಿದ್ಧವಾದುದು ನೀರಿನೊಡನೆ ಜೈಲಂ ನಾಳಗಳಲ್ಲಿ ಏರುತ್ತದೆ. ಆದರೆ ನೀರಿನ ಹರಿವು ಹೆಚ್ಚಾಗಿ ಹೋಗುವುದು ನೀರನ್ನು ಆವಿಯಾಗಿ ಬಿಡುವ ಎಲೆಗಳ ಕಡೆಗೆ. ಸಿಪ್ಪೆಯೊಳಗೆ ಮುಚ್ಚಿಕೊಂಡಿರುವ ಬೀಜವು ನೀರನ್ನು ಆವಿಯಾಗಿಸುವುದು ಬಹಳ ಕಡಿಮೆ. ಆದುದರಿಂದ ಆ ಹಾದಿಯಲ್ಲಿ ಅದಕ್ಕೆ ಬರುವ ಪಾಲೂ ಕಡಿಮೆ. ಹೀಗಾಗಿ ಅಮೈನೋ ಆಮ್ಲಗಳು ಕಾಂಡದಲ್ಲಿಯೋ ಎಲೆಯಲ್ಲಿಯೋ ಜೈಲಂನಿಂದ ಫ್ಲೋಯಂಗೆ ದಾಟಿ, ಸಕ್ಕರೆಯ ಹರಿವಿನೊಡನೆ ಕೂಡಿ ಬೀಜಗಳತ್ತ ಸಾಗುತ್ತವೆ.

ಕಾಯಿ ಬಲಿಯುವ ಕಾಲಕ್ಕೆ ಎಲೆಗಳು ಹಳದಿಯಾಗುವುದನ್ನು ರೈತರೆಲ್ಲರೂ ಬಲ್ಲರು. ಆ ಹೊತ್ತಿನಲ್ಲಿ ಎಲೆಯು ತನ್ನ ಹಸುರುಕಣಗಳ ಪ್ರೋಟೀನುಗಳನ್ನು ತಾನೇ ಒಡೆದು ಅಮೈನೋ ಆಮ್ಲಗಳನ್ನಾಗಿಸಿ ಬೀಜಕ್ಕೆ ಕಳುಹಿಸುತ್ತಿರುತ್ತದೆ. ಗೋಧಿಯಲ್ಲಿ ಕಾಳಿನ ಸಾರಜನಕದ ಬಹುಪಾಲು ಹೀಗೆ ಎಲೆ, ಕಾಂಡಗಳಿಂದ ಮರಳಿ ಬಂದದ್ದು. ದ್ವಿದಳ ಸಸ್ಯಗಳ ಕಾಯಿಯ ಸಿಪ್ಪೆಯೂ ಸ್ವಲ್ಪಕಾಲ ಈ ಸಂಪತ್ತನ್ನು ಇಟ್ಟುಕೊಂಡಿದ್ದು ಬಳಿಕ ಒಳಗಿನ ಕಾಳುಗಳಿಗೆ ಬಿಟ್ಟುಕೊಡುತ್ತದೆ.

ಅತ್ಯಂತ ವಿಸ್ಮಯಕರವಾದುದು ಕೊನೆಯ ಮೆಟ್ಟಿಲು. ತಾಯಿಗಿಡದ ಫ್ಲೋಯಂ ನಾಳಗಳು ಬೀಜದ ಹೊರಕವಚದಲ್ಲಿಯೇ ಮುಗಿದುಹೋಗುತ್ತವೆ. ಕವಚವು ತಾಯಿಯ ಅಂಗಾಂಶ. ಒಳಗಿನ ಭ್ರೂಣವು ಹೊಸ ಪೀಳಿಗೆ. ಇವೆರಡರ ನಡುವೆ ನೇರವಾದ ಜೀವಕೋಶಸಂಬಂಧ ಇರುವುದಿಲ್ಲ. ತಾಯಿಯು ಆಹಾರವನ್ನು ನಡುವಣ ತೆರಪಿಗೆ ಬಿಡಬೇಕು. ಭ್ರೂಣವು ಅದನ್ನು ತಾನಾಗಿ ಎತ್ತಿಕೊಳ್ಳಬೇಕು. 1980ರ ದಶಕದ ಆರಂಭದಲ್ಲಿ ಸಂಶೋಧಕರು ಗಿಡದ ಮೇಲೆ ಬೆಳೆಯುತ್ತಿರುವ ಕಾಯಿಯ ಬೀಜದಿಂದ ಭ್ರೂಣವನ್ನು ಮಾತ್ರ ಜಾಗರೂಕತೆಯಿಂದ ತೆಗೆದು, ಬರಿದಾದ ಕವಚದಲ್ಲಿ ದ್ರಾವಣವನ್ನು ತುಂಬಿ ನೋಡಿದರು. ಉಣ್ಣುವ ಕೂಸಿಲ್ಲದಿದ್ದರೂ ಕವಚವು ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಬಿಡುತ್ತಲೇ ಇತ್ತು.

ಹೊರಗೆ ಬಿಡುವ ಕೆಲಸಕ್ಕೂ ಒಳಗೆ ಎತ್ತಿಕೊಳ್ಳುವ ಕೆಲಸಕ್ಕೂ ಜೀವಕೋಶದ ಪೊರೆಯಲ್ಲಿ ಬೇರೆ ಬೇರೆ ಪ್ರೋಟೀನುಗಳು ನೇಮಕಗೊಂಡಿವೆ. ಅಮೈನೋ ಆಮ್ಲಗಳನ್ನು ಒಳಸೇರಿಸುವ ಎಎಪಿ ಎಂಬ ವಾಹಕಗಳ ಬಳಗದ ಮೊದಲನೆಯದನ್ನು 1993ರಲ್ಲಿ ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಗುರುತಿಸಲಾಯಿತು. ಅಮೈನೋ ಆಮ್ಲವನ್ನು ಹೀರಿಕೊಳ್ಳಲಾರದ ಯೀಸ್ಟ್ ಕಣಗಳಿಗೆ ಆ ಗಿಡದ ಜೀನುಗಳನ್ನು ಸೇರಿಸಿ, ಯಾವುದರಿಂದ ಯೀಸ್ಟ್ ಚೇತರಿಸಿಕೊಂಡು ಬೆಳೆಯಿತೋ ಆ ಜೀನನ್ನು ಹಿಡಿದದ್ದು ಅದರ ವಿಧಾನ. ಕೋಶವು ತನ್ನ ಶಕ್ತಿಯನ್ನು ವ್ಯಯಿಸಿ ಹೈಡ್ರೋಜನ್ ಅಯಾನುಗಳನ್ನು ಹೊರದೂಡುತ್ತದೆ. ಅವು ಮರಳಿ ಒಳಬರುವಾಗ ಅಮೈನೋ ಆಮ್ಲವನ್ನೂ ಜೊತೆಗೆ ಎಳೆತರುವಂತೆ ಈ ವಾಹಕಗಳು ಮಾಡುತ್ತವೆ. ಎಎಪಿ 2 ಎಂಬುದು ಜೈಲಂನಿಂದ ಫ್ಲೋಯಂಗೆ ದಾಟಿಸುವ ಕೆಲಸದಲ್ಲಿಯೂ, ಎಎಪಿ 8 ಎಂಬುದು ಎಲೆಯಲ್ಲಿ ಫ್ಲೋಯಂಗೆ ತುಂಬುವ ಕೆಲಸದಲ್ಲಿಯೂ, ಎಎಪಿ 1 ಎಂಬುದು ಭ್ರೂಣಕ್ಕೆ ಸೇರಿಸುವ ಕೆಲಸದಲ್ಲಿಯೂ ತೊಡಗಿವೆ. ಎಎಪಿ 1 ಇಲ್ಲದ ಗಿಡಗಳ ಬೀಜಗಳು ತೂಕದಲ್ಲಿ ಕಡಿಮೆ. ಅವುಗಳಲ್ಲಿ ಸಂಗ್ರಹವಾಗುವ ಪ್ರೋಟೀನೂ ಕಡಿಮೆ. ಕವಚದಿಂದ ಹೊರಬಿಡುವ ಕೆಲಸವನ್ನು ಉಮಾಮಿಟ್ ಎಂಬ ಮತ್ತೊಂದು ಬಳಗದ ಪ್ರೋಟೀನುಗಳು ಮಾಡುತ್ತವೆಂಬುದು ಈ ಶತಮಾನದ ಶೋಧನೆ.

2015ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಬಟಾಣಿ ಗಿಡದ ಫ್ಲೋಯಂನಲ್ಲಿಯೂ ಭ್ರೂಣದಲ್ಲಿಯೂ ಎಎಪಿ 1 ವಾಹಕವು ಹೆಚ್ಚಾಗಿ ತಯಾರಾಗುವಂತೆ ಮಾಡಿದಾಗ ಕಾಳಿನ ಇಳುವರಿಯೂ ಅದರ ಪ್ರೋಟೀನಿನ ಪ್ರಮಾಣವೂ ಹೆಚ್ಚಿದುದು ಕಂಡುಬಂದಿತು. ಗಿಡಕ್ಕೆ ಗೊಬ್ಬರ ಹಾಕಿದರಷ್ಟೇ ಸಾಲದು, ಅದು ಕಾಳಿಗೆ ತಲುಪುವ ಬಾಗಿಲುಗಳೂ ಅಗಲವಾಗಿರಬೇಕು ಎಂಬುದನ್ನು ಈ ಪ್ರಯೋಗ ತೋರಿಸುತ್ತದೆ.

ಉಪಸಂಹಾರ

ತೊಗರಿ, ಹೆಸರು, ಕಡಲೆ ಮೊದಲಾದ ಕಾಳುಗಳ ತೂಕದಲ್ಲಿ ಸುಮಾರು ಶೇಕಡ 20ರಿಂದ 25ರಷ್ಟು ಪ್ರೋಟೀನು. ಅಕ್ಕಿಯಲ್ಲಿ ಶೇಕಡ 7ರ ಆಸುಪಾಸು. ಮಾಂಸಾಹಾರ ಮಾಡದ ಮನೆಗಳಲ್ಲಿ ಬೆಳೆಯುವ ಮಗುವಿನ ಮೈಗೆ ಹಾಲಿನೊಡನೆ ಬೇಳೆಯೇ ಆಧಾರ. ಅಕ್ಕಿ, ಗೋಧಿಗಳಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಬೇಳೆ ಒದಗಿಸುತ್ತದೆ. ಬೇಳೆಯಲ್ಲಿ ಕೊರತೆಯಾದ ಮಿಥಿಯೊನೀನನ್ನು ಧಾನ್ಯ ಒದಗಿಸುತ್ತದೆ. ಅನ್ನದೊಡನೆ ತೊವ್ವೆಯನ್ನು ಕಲಸಿ ಉಣಿಸಿದ ನಮ್ಮ ಹಿರಿಯರ ಪದ್ಧತಿಗೆ ಇಂಥ ಆಧಾರವಿದೆ. ಬೇರಿನ ಗಂಟಿನಿಂದ ಹೊರಟು, ಎಲೆಯನ್ನು ಹಾಯ್ದು, ಒಳತೊಗಟೆಯಲ್ಲಿ ಸಾಗಿ, ಬೀಜದ ಹೊಸ್ತಿಲನ್ನು ದಾಟಿ ಬಂದ ಸತ್ತ್ವವೇ ಆ ತುತ್ತಿನಲ್ಲಿರುವುದು. ಈ ಹಾದಿಯ ಮುಖ್ಯ ನೆಲೆಗಳಾದ ಗಂಟು, ಎಲೆ, ತೊಗಟೆ, ಬೀಜಗಳನ್ನು ಮಾಲ್ಪೀಗಿಯು ತನ್ನ ಗ್ರಂಥದ ಚಿತ್ರಗಳಲ್ಲಿ ಬಿಡಿಸಿಟ್ಟಿದ್ದನು. ಅವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಲು ಮಾತ್ರ ಮೂರು ಶತಮಾನಗಳು ಹಿಡಿದವು. ದ್ವಿದಳ ಬೀಜಗಳ ಕವಚದ ಹೊರಪದರದಲ್ಲಿ ಒತ್ತೊತ್ತಾಗಿ ನಿಂತ ಕೋಶಗಳನ್ನು ಸಸ್ಯವಿಜ್ಞಾನಿಗಳು ಇಂದಿಗೂ ಮಾಲ್ಪೀಗಿ ಕೋಶಗಳೆಂದೇ ಕರೆಯುತ್ತಾರೆ.

ಗಿಡವನ್ನು ಕೊಯ್ದು ನೋಡುವುದರಿಂದ ರೋಗಿಗೆ ಏನು ಲಾಭ ಎಂದು ಕೇಳಿದವನಿಗೆ ಮಾಲ್ಪೀಗಿಯು ತನ್ನ ಜೀವಿತಕಾಲದಲ್ಲಿ ಪೂರ್ಣ ಉತ್ತರವನ್ನು ಕೊಡಲಾಗಲಿಲ್ಲ. ಕೊಡುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅಪೌಷ್ಟಿಕತೆಯಿಂದ ನರಳುವ ಮಗುವೂ ರೋಗಿಯೇ ಎಂಬುದನ್ನು ನೆನೆದಾಗ, ಕಾಳಿನಲ್ಲಿ ಪ್ರೋಟೀನು ಹೆಚ್ಚಿಸುವ ಬಗೆಯನ್ನು ಹುಡುಕುತ್ತಿರುವ ಇಂದಿನ ಸಂಶೋಧಕರ ಕೆಲಸದಲ್ಲಿ ಆ ಉತ್ತರವು ರೂಪುಗೊಳ್ಳುತ್ತಿದೆ ಎನ್ನಬಹುದು. ತನ್ನ ಮನೆಯ ಬಾಗಿಲನ್ನು ಶಿಷ್ಯರಿಗೆ ತೆರೆದ ಮಸ್ಸಾರಿಯಂಥ ಗುರು, ದೂರದೇಶದ ವಿದ್ವಾಂಸನ ಬರಹಗಳನ್ನು ತನ್ನದೆಂದು ಭಾವಿಸಿ ಅಚ್ಚುಹಾಕಿಸಿದ ಸಂಸ್ಥೆ, ಬೆಂಕಿಗೂ ವೈರಕ್ಕೂ ಜಗ್ಗದೆ ಕೆಲಸ ಮುಂದುವರಿಸಿದ ವಿದ್ಯಾರ್ಥಿ — ಈ ಮೂವರೂ ಕೂಡಿದುದರಿಂದಲೇ ಆ ಜ್ಞಾನವು ನಮ್ಮವರೆಗೆ ಬಂದಿದೆ. ಶಾಲೆಯೊಂದರಲ್ಲಿ ಪಾಠ ಹೇಳುವವರೂ ಕಲಿತು ಹೊರಹೋದವರೂ ಅದಕ್ಕೆ ಆಸರೆಯಾಗಿ ನಿಂತವರೂ ತಮ್ಮ ಶ್ರಮದ ಫಲವನ್ನು ಕಣ್ಣಾರೆ ಕಾಣುವುದು ಅಪರೂಪ. ಎಲೆಯು ಕಳುಹಿಸಿದ ಆಹಾರವು ಮುಂದಿನ ವರ್ಷ ಮೊಳೆಯುವ ಸಸಿಗೆ ಸಲ್ಲುತ್ತದೆ; ಅದು ಮೊಳೆಯುವ ಹೊತ್ತಿಗೆ ಆ ಎಲೆ ಉದುರಿಹೋಗಿರುತ್ತದೆ. ಮಾಲ್ಪೀಗಿಯ ಬಾಳನ್ನು ನೆನೆಯುವಾಗ ಈ ಮಾತು ನಮಗೆ ಸಮಾಧಾನವನ್ನೂ ಕೆಲಸದಲ್ಲಿ ಶ್ರದ್ಧೆಯನ್ನೂ ತರಲಿ.